ಶಾಲೆಯ ಗಡಿಗೆ ತಂತಿಯ ಬದಲು ಕವಳಿ, ಬಂದುರಿಕೆ, ಲಕ್ಕಿ: ಸ್ಥಳೀಯ ಗಿಡಗಳ ಜೀವಂತ ಬೇಲಿ ನೆಡುವ ಕ್ರಮ

ಪ್ರಶ್ನೆ: ನಮ್ಮದು ಶಿರಾ ತಾಲ್ಲೂಕಿನ ಒಂದು ಹಳ್ಳಿ. ಸರ್ಕಾರಿ ಶಾಲೆಯ ಆಟದ ಮೈದಾನ ಮತ್ತು ಅದಕ್ಕೆ ಹೊಂದಿಕೊಂಡ ಗುಂಡುತೋಪು ಸೇರಿ ಸುಮಾರು 300 ಮೀಟರ್ ಗಡಿ ಇದೆ. ಮುಳ್ಳುತಂತಿ ಹಾಕುವ ಬದಲು ಹಕ್ಕಿ, ಚಿಟ್ಟೆಗಳಿಗೆ ಅನುಕೂಲವಾಗುವ ನಮ್ಮ ಕಡೆಯ ಗಿಡಗಳದ್ದೇ ಬೇಲಿ ಬೆಳೆಸೋಣ ಎಂದು ಯುವಕರ ಸಂಘದವರು ನಿರ್ಧರಿಸಿದ್ದೇವೆ. 40 ಜನ ಸ್ವಯಂಸೇವಕರು ಸಿಗುತ್ತಾರೆ. ಜೂನ್ 5ರ ಪರಿಸರ ದಿನದಂದು ನೆಡಬೇಕೆಂದಿದೆ. ನರ್ಸರಿಯವರು ಗ್ಲಿರಿಸಿಡಿಯಾ ಅಥವಾ ಡುರಾಂಟಾ ಹಾಕಿ, ಬೇಗ ಬರುತ್ತದೆ ಎನ್ನುತ್ತಾರೆ. ಯಾವ ಗಿಡ, ಎಷ್ಟು, ಹೇಗೆ ನೆಡಬೇಕು? ಕುರಿ, ಮೇಕೆ ಕಾಟ ವಿಪರೀತ.

ಉತ್ತರ: ಮೊದಲು ತಾರೀಖು ಬದಲಿಸಿ. ಜೂನ್ 5 ಎಂದರೆ ಇನ್ನೂ ರೋಹಿಣಿ ಮಳೆ. ಶಿರಾ, ಪಾವಗಡ, ಹಿರಿಯೂರು ಭಾಗದಲ್ಲಿ ವರ್ಷದ ಮಳೆಯೇ 600 ಮಿ.ಮೀ. ಆಸುಪಾಸು. ಅದರಲ್ಲಿ ಹೆಚ್ಚಿನ ಪಾಲು ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಜೂನ್ ಮೊದಲ ವಾರ ಒಂದು ಹದ ಮಳೆ ಬಿದ್ದರೂ ಅದರ ಹಿಂದೆಯೇ ಆಷಾಢದ ಗಾಳಿ ಬರುತ್ತದೆ. ಮಳೆಯಿಲ್ಲದ ಮೂರು ನಾಲ್ಕು ವಾರಗಳ ಆ ಒಣಗಾಳಿಗೆ ಆಗತಾನೇ ಚೀಲ ಬಿಟ್ಟು ಬಂದ ಸಸಿ ತಡೆಯುವುದಿಲ್ಲ. ನಿಮ್ಮ ಕಡೆ ಬೇಲಿ ನೆಡಲು ಸರಿಯಾದ ಕಾಲ ಆಶ್ಲೇಷ ಮತ್ತು ಮಖೆ ಮಳೆ, ಅಂದರೆ ಆಗಸ್ಟ್ 3ರಿಂದ 30ರವರೆಗೆ. ಆಗ ನೆಟ್ಟ ಸಸಿಗೆ ಮುಂದೆ ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ ಮಳೆಗಳು ಸಾಲಾಗಿ ಸಿಗುತ್ತವೆ. ಬೇರು ಇಳಿಯಲು ಎಂಟು ಹತ್ತು ವಾರ ಬೇಕು, ಅಷ್ಟು ಸಮಯ ಸಿಕ್ಕಂತಾಗುತ್ತದೆ. ಕ್ಯಾಲೆಂಡರ್ ನೋಡಿ ದಿನ ಗೊತ್ತುಮಾಡುವುದಕ್ಕಿಂತ ನೆಲ ನೋಡಿ ಗೊತ್ತುಮಾಡುವುದು ಇನ್ನೂ ವಾಸಿ. ಹಾರೆಯಿಂದ ಒಂದು ಅಡಿ ಆಳ ಅಗೆದು ಅಡಿಯ ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿ. ಉಂಡೆಯಾಗಿ ನಿಂತು, ಹೆಬ್ಬೆರಳಿನಿಂದ ಒತ್ತಿದರೆ ಬಿರಿದರೆ ಹದ ಬಂದಿದೆ. ಹುಡಿ ಹುಡಿಯಾಗಿ ಉದುರಿದರೆ ಇನ್ನೂ ಕಾಯಿರಿ.

ಜೂನ್ 5ಕ್ಕೆ ಕೆಲಸವಿಲ್ಲ ಎಂದಲ್ಲ. ಅಂದು ಗಡಿ ಗುರುತು ಹಾಕಿ, ಲಕ್ಕಿ ಕಡ್ಡಿಗಳನ್ನು ಚೀಲಕ್ಕೆ ನೆಡಿ. ಮುಂದಿನ ವರ್ಷದ ಸಸಿಗಾಗಿ ಮಣ್ಣು ಗೊಬ್ಬರ ಬೆರೆಸಿ ಚೀಲ ತುಂಬಿಡಿ. ಕಾರ್ಯಕ್ರಮವೂ ಆಗುತ್ತದೆ, ಫೋಟೊವೂ ಬರುತ್ತದೆ, ಸಸಿಯೂ ಸಾಯುವುದಿಲ್ಲ.

ಎರಡನೆಯದು, 300 ಮೀಟರನ್ನೂ ಒಂದೇ ವರ್ಷ ನೆಡಬೇಡಿ. ಈ ವರ್ಷ 150, ಮುಂದಿನ ವರ್ಷ 150. ಲೆಕ್ಕ ಹಾಕಬೇಕಾದದ್ದು ನೆಡುವ ದಿನ ಬರುವ 40 ಜನರನ್ನಲ್ಲ, ಮಾರ್ಚ್ ತಿಂಗಳ ಬಿಸಿಲಿನಲ್ಲಿ ನೀರು ಹೊರಲು ಬರುವ ಏಳೆಂಟು ಜನರನ್ನು. ಹೊರಸಾಲು, ಒಳಸಾಲು ಎಂದು ಎರಡು ಸಾಲು ನೆಟ್ಟರೆ 150 ಮೀಟರಿಗೆ 500 ಗಿಡ. ಗಿಡಕ್ಕೆ 4 ಲೀಟರ್‌ನಂತೆ ಒಂದು ಸುತ್ತಿಗೆ 2,000 ಲೀಟರ್ ನೀರು. 15 ಲೀಟರಿನ ಬಕೆಟ್ಟಿನಲ್ಲಿ ಹೊತ್ತರೆ 130ಕ್ಕೂ ಹೆಚ್ಚು ಬಕೆಟ್, ಎಂಟು ಜನರಿದ್ದರೆ ತಲೆಗೆ 17. ಇದು ಒಂದು ಬೆಳಗಿನಲ್ಲಿ ಆಗುವ ಕೆಲಸ. ಫೆಬ್ರುವರಿಯಿಂದ ಮೇ ಕೊನೆಯವರೆಗೆ ಹತ್ತು ದಿನಕ್ಕೊಮ್ಮೆಯಂತೆ 12 ಸುತ್ತು ಬೇಕು. ಒಟ್ಟು 24,000 ಲೀಟರ್, ಅಂದರೆ 4,000 ಲೀಟರಿನ ಆರು ಟ್ಯಾಂಕರ್. ಇದನ್ನೇ ಇಮ್ಮಡಿ ಮಾಡಿದರೆ ಯಾವ ಸಂಘವೂ ಏಪ್ರಿಲ್ ದಾಟುವುದಿಲ್ಲ. ಎರಡು ಕಂತು ಮಾಡುವುದರಲ್ಲಿ ಇನ್ನೊಂದು ಲಾಭವಿದೆ. ಎರಡನೇ ಕಂತಿಗೆ ಬೇಕಾದ ಸಸಿಯನ್ನು ನೀವೇ ಬೆಳೆಸಿಕೊಳ್ಳಬಹುದು.

ಇನ್ನು ನರ್ಸರಿಯವರ ಸಲಹೆಯ ವಿಚಾರ. ಡುರಾಂಟಾ ಶಾಲೆಯ ಹತ್ತಿರ ಬೇಡವೇ ಬೇಡ. ಅದರ ಹಳದಿ ಹಣ್ಣು ಮಕ್ಕಳಿಗೆ ವಿಷ, ನೋಡಲು ತಿನ್ನಬೇಕೆನಿಸುವ ಹಾಗೂ ಇರುತ್ತದೆ. ಗ್ಲಿರಿಸಿಡಿಯಾ ಕೆಟ್ಟ ಗಿಡವಲ್ಲ, ಹೊಲದ ಬದುವಿನಲ್ಲಿ ಹಸಿರೆಲೆ ಗೊಬ್ಬರಕ್ಕೆ ಒಳ್ಳೆಯದು. ಆದರೆ ಅದು ಮಧ್ಯ ಅಮೆರಿಕದ್ದು. ನಮ್ಮ ಚಿಟ್ಟೆಗಳ ಮರಿಹುಳುಗಳಿಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ, ಹಕ್ಕಿಗೆ ತಿನ್ನಲು ಹಣ್ಣಿಲ್ಲ, ಮುಳ್ಳೂ ಇಲ್ಲ. ಬುಡದಲ್ಲಿ ಬರೀ ಕಾಂಡ, ಮೇಲೆ ಸೊಪ್ಪು, ನಡುವೆ ಮೇಕೆ ನುಸುಳಲು ಸಂದು. ಕತ್ತಾಳೆ, ಬಳ್ಳಾರಿ ಜಾಲಿ, ಲಂಟಾನ ಮೂರೂ ಹೊರಗಿನವೇ. ಇವುಗಳಲ್ಲಿ ಕೊನೆಯ ಎರಡನ್ನು ತಂದು ನೆಡುವುದಿರಲಿ, ಬಂದರೆ ಕೀಳಬೇಕು. ಕಡ್ಡಿಕಳ್ಳಿ ಬೇಲಿ ನಮ್ಮ ಹಳ್ಳಿಗಳಲ್ಲಿ ಹಳೆಯದೇ. ಆದರೆ ಅದರ ಹಾಲು ಕಣ್ಣಿಗೆ ಸಿಡಿದರೆ ಅಪಾಯ, ಹಾಗಾಗಿ ಮಕ್ಕಳು ಚೆಂಡು ಹುಡುಕುತ್ತಾ ನುಗ್ಗುವ ಜಾಗಕ್ಕೆ ಸಲ್ಲದು. ಕಣಗಿಲೆ, ಗುಲಗಂಜಿ ಬಳ್ಳಿಗೂ ಇದೇ ಮಾತು.

ಯಾರಿಗಾಗಿ ಬೇಲಿ ಎಂಬುದನ್ನೂ ಸ್ಪಷ್ಟ ಮಾಡಿಕೊಳ್ಳಿ. ನಿಮ್ಮ ತಾಲ್ಲೂಕಿನದೇ ಕಗ್ಗಲಡುವಿನಲ್ಲಿ ಹುಣಸೆಮರದ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳಿಗೆ ಬೇಲಿಯಿಂದ ಏನೂ ಆಗಬೇಕಾಗಿಲ್ಲ. ಬೇಲಿ ಬೇಕಾಗಿರುವುದು ಆಳೆತ್ತರದೊಳಗೆ ಬದುಕುವ ಜೀವಿಗಳಿಗೆ: ಪಿಕಳಾರ, ಟುವ್ವಿ ಹಕ್ಕಿ, ರಾಟವಾಳ, ಹರಟೆಮಲ್ಲ, ಕೆಂಬೂತ, ಬುಡದಲ್ಲಿ ಓಡಾಡುವ ಗೌಜಲಹಕ್ಕಿ, ಮುಂಗುಸಿ, ಓತಿಕ್ಯಾತ. ಇವುಗಳಿಗೆ ಬೇಕಾದದ್ದು ಮೂರು. ನೆಲಮಟ್ಟದಿಂದಲೇ ದಟ್ಟವಾದ ಪೊದೆ, ಕೈಹಾಕಲಾಗದ ಮುಳ್ಳು, ವರ್ಷದ ಬೇರೆ ಬೇರೆ ತಿಂಗಳಲ್ಲಿ ಸಿಗುವ ಹೂವು ಹಣ್ಣು. ಒಂದೇ ಜಾತಿಯ ಗಿಡ ಎಷ್ಟೇ ನೀಟಾಗಿ ಬೆಳೆದರೂ ಈ ಮೂರನ್ನೂ ಕೊಡುವುದಿಲ್ಲ.

ಗಿಡಗಳ ಆಯ್ಕೆ

ಹೊರಸಾಲಿನ ರಾಜ ಕವಳಿ, ಕೆಲವೆಡೆ ಕರಂಡೆ ಎನ್ನುತ್ತಾರೆ. ಕವಲೊಡೆದ ಗಟ್ಟಿ ಮುಳ್ಳು, ಮುರಿದರೆ ಹಾಲು, ವರ್ಷವಿಡೀ ಹಸಿರು. ಮೇಕೆ ಮೂತಿ ಹಾಕಿ ನೋಡಿ ಮುಂದೆ ಹೋಗುತ್ತದೆ. ಬೇಸಿಗೆಯಲ್ಲಿ ಬಿಳಿ ಹೂವು, ಮಳೆಗಾಲದ ಆರಂಭದಲ್ಲಿ ಹಣ್ಣು. ಎದೆಮಟ್ಟದ ಕವಲಿನಲ್ಲಿ ಪಿಕಳಾರ ಬಟ್ಟಲಿನಂಥ ಗೂಡು ಕಟ್ಟಲು ಇದಕ್ಕಿಂತ ಭದ್ರವಾದ ಗಿಡ ನಿಮ್ಮ ಕಡೆ ಸಿಗುವುದಿಲ್ಲ. ದೋಷ ಒಂದೇ: ಮೊದಲ ಎರಡು ವರ್ಷ ಬಹಳ ನಿಧಾನ. ಕೊಳ್ಳುವಾಗ ಬೀಜದಿಂದ ಬೆಳೆಸಿದ ಸಸಿಯನ್ನೇ ಕೇಳಿ. ಉಪ್ಪಿನಕಾಯಿಗೆಂದು ಮಾರುವ, ಮುಳ್ಳು ಕಡಿಮೆ ಇರುವ ಆಯ್ದ ತಳಿ ಬೇಲಿಗೆ ಬರುವುದಿಲ್ಲ.

ಕವಳಿಯ ನಿಧಾನಕ್ಕೆ ಜೋಡಿ ಬಂದುರಿಕೆ. ಮುಳ್ಳಿಲ್ಲ, ಹಕ್ಕಿ ತಿನ್ನುವ ಹಣ್ಣೂ ಇಲ್ಲ. ಆದರೆ ಸಣ್ಣಕಲ್ಲಿನ ಗೊರಜು ನೆಲದಲ್ಲೂ ಬರುತ್ತದೆ, ಮೇಕೆ ಅಷ್ಟಾಗಿ ಮುಟ್ಟುವುದಿಲ್ಲ, ಕತ್ತರಿಸಿದಷ್ಟೂ ದಟ್ಟವಾಗುತ್ತದೆ. ಮೊದಲ ವರ್ಷವೇ ಬೇಲಿ ಎಂದು ಕಣ್ಣಿಗೆ ಕಾಣುವುದು ಇದರಿಂದ.

ಒಳಸಾಲಿಗೆ ಲಕ್ಕಿ, ಕಾರೆ, ಎಲಚಿ, ಆಡುಸೋಗೆ, ಮುಳ್ಳುಗೋರಂಟಿ. ಲಕ್ಕಿಯ ನೀಲಿ ಹೂಗೊಂಚಲಿಗೆ ಜೇನು, ದುಂಬಿ ಮುತ್ತುತ್ತವೆ. ಎಲಚಿಯ ಹೂವು ಕಣ್ಣಿಗೆ ಬೀಳದಷ್ಟು ಚಿಕ್ಕದು. ಆದರೂ ಮಳೆಗಾಲದ ಕೊನೆಗೆ ಅದು ಅರಳಿದಾಗ ನೊಣ, ಕಣಜ, ಜೇನು ಎಲ್ಲವೂ ಅಲ್ಲೇ ಇರುತ್ತವೆ. ಕಾಮನ್ ಪಿಯರೊ ಎಂಬ ಕಪ್ಪುಚುಕ್ಕೆಯ ಪುಟ್ಟ ಬಿಳಿ ಚಿಟ್ಟೆ ಮೊಟ್ಟೆ ಇಡುವುದು ಎಲಚಿ, ಪರಗಿ ಗಿಡಗಳ ಮೇಲೆ. ಎಲಚಿ ಸೊಪ್ಪನ್ನು ಮೇಕೆ ಆಸೆಪಟ್ಟು ತಿನ್ನುತ್ತದೆ, ಅದಕ್ಕೇ ಒಳಸಾಲಿಗೆ. ಮಕ್ಕಳು ಆಡುವ ಬದಿಯಲ್ಲಿ ಎಲಚಿ ಬೇಡ, ತೋಪಿನ ಬದಿಗೆ ಹಾಕಿ. ಮುಳ್ಳುಗೋರಂಟಿ ಮೊಣಕಾಲೆತ್ತರ ಬೆಳೆದು ಬುಡದ ಸಂದು ಮುಚ್ಚುತ್ತದೆ, ಪ್ಯಾನ್ಸಿ ಜಾತಿಯ ಚಿಟ್ಟೆಗಳ ಮರಿಹುಳುಗಳಿಗೆ ಅದು ಮೇವು. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ಆಡುಸೋಗೆಯ ಮುಂದೆ ಸೋಲುತ್ತದೆ. ನೆರಳಿನಲ್ಲೂ ಬರುವುದರಿಂದ ತೋಪಿನ ಮರಗಳಡಿ ಇದೇ ಗತಿ.

ಇವುಗಳ ನಡುವೆ ಅಲ್ಲಲ್ಲಿ ಕಪ್ಪಾರಿಸ್ ಜಾತಿಯ ಮುಳ್ಳುಪೊದೆ ಇರಲಿ. ನಿಮ್ಮ ಸುತ್ತಲಿನ ಕುರುಚಲು ಕಾಡಿನಲ್ಲಿ, ಹಳೆಯ ದಾರಿಬೇಲಿಗಳಲ್ಲಿ ಕೊಕ್ಕೆಯಂತೆ ಹಿಂದಕ್ಕೆ ಬಾಗಿದ ಮುಳ್ಳಿರುವ, ಬಟ್ಟೆ ಹಿಡಿದರೆ ಬಿಡದ ಗಿಡ ಅದು. ಪಯೋನಿಯರ್, ಕಾಮನ್ ಗಲ್ ಮುಂತಾದ ಬಿಳಿ ಚಿಟ್ಟೆಗಳು ಮೊಟ್ಟೆ ಇಡುವುದು ಇದರ ಮೇಲೆ. ನರ್ಸರಿಯಲ್ಲಿ ಸಿಗುವುದಿಲ್ಲ, ಹಣ್ಣು ಆರಿಸಿ ತಂದು ನೀವೇ ಬಿತ್ತಬೇಕು. ಗಿಡ ಕಿತ್ತು ತರಬೇಡಿ. ಅದರ ಬೇರು ಆಳ, ಕಿತ್ತರೆ ಬದುಕುವುದಿಲ್ಲ, ಅಲ್ಲಿದ್ದ ಪೊದೆಯೂ ಹೋಗುತ್ತದೆ.

150 ಮೀಟರಿಗೆ ಹೊರಸಾಲು 250 ಗಿಡ: ಕವಳಿ 175, ಬಂದುರಿಕೆ 75. ಒಳಸಾಲು 250: ಲಕ್ಕಿ 60, ಕಾರೆ 50, ಎಲಚಿ 40, ಆಡುಸೋಗೆ 35, ಬಂದುರಿಕೆ 25, ಮುಳ್ಳುಗೋರಂಟಿ 25, ಕಪ್ಪಾರಿಸ್ 15. ಇದರ ಮೇಲೆ ನೂರಕ್ಕೆ 15ರಂತೆ 75 ಗಿಡ ಹೆಚ್ಚುವರಿ ತನ್ನಿ. ಅವನ್ನು ದೊಡ್ಡ ಚೀಲಕ್ಕೆ ಬದಲಿಸಿ ನೆರಳಿನಲ್ಲಿ ಸಾಕಿಕೊಳ್ಳಿ, ಮುಂದಿನ ವರ್ಷ ಸತ್ತ ಗಿಡದ ಜಾಗಕ್ಕೆ ಅದೇ ವಯಸ್ಸಿನ ಗಿಡ ಬೇಕಾಗುತ್ತದೆ. ಎಳೆ ಸಸಿ ತಂದು ತುಂಬಿದರೆ ಅಕ್ಕಪಕ್ಕದವು ಅದನ್ನು ಮೇಲೇಳಲು ಬಿಡುವುದಿಲ್ಲ. ಕಪ್ಪಾರಿಸ್ ಸಸಿ ಈ ವರ್ಷ ಒದಗದಿದ್ದರೆ ಆ 15 ಜಾಗಕ್ಕೆ ಕಡ್ಡಿ ನೆಟ್ಟು ಗುರುತು ಮಾಡಿ ಖಾಲಿ ಬಿಡಿ.

ಸಾಲಿನಲ್ಲಿ ಜಾತಿಗಳನ್ನು ಒಂದೊಂದಾಗಿ ಬೆರೆಸಬೇಡಿ. ಕವಳಿ, ಬಂದುರಿಕೆ, ಕವಳಿ, ಬಂದುರಿಕೆ ಎಂದು ನೆಟ್ಟರೆ ಎರಡನೇ ವರ್ಷಕ್ಕೆ ಬಂದುರಿಕೆ ಮೇಲೇರಿ ಕವಳಿ ನೆರಳಿಗೆ ಸಿಕ್ಕಿ ಸೊರಗುತ್ತದೆ. ಏಳು ಕವಳಿ, ಮೂರು ಬಂದುರಿಕೆ, ಮತ್ತೆ ಏಳು ಕವಳಿ, ಹೀಗೆ ಗುಂಪು ಗುಂಪಾಗಿ ಹಾಕಿ. ಒಳಸಾಲಿನಲ್ಲೂ ಒಂದೇ ಜಾತಿಯ ಐದಾರು ಗಿಡ ಒಟ್ಟಿಗಿರಲಿ. ನೆಟ್ಟ ಮೇಲೆ ಎರಡು ಸಾಲಿನ ನಡುವೆ ಮೀಟರಿಗೆ ಎಂಟು ಹತ್ತರಂತೆ ತಂಗಡಿ ಬೀಜ ಚೆಲ್ಲಿ, ಹಿಂದಿನ ರಾತ್ರಿ ಬಿಸಿನೀರಿನಲ್ಲಿ ನೆನೆಸಿದ್ದು. ಕುರಿ ಮುಟ್ಟದ ತಂಗಡಿ ಮೊದಲೆರಡು ವರ್ಷ ನೆಲ ಮುಚ್ಚಿ, ಹಳದಿ ಹೂ ಕೊಟ್ಟು, ಎಮಿಗ್ರಂಟ್ ಚಿಟ್ಟೆಗಳನ್ನು ಕರೆದು, ಬೇಲಿ ಬಲಿತ ಮೇಲೆ ತಾನೇ ಹಿಂದೆ ಸರಿಯುತ್ತದೆ.

ನೆಲದ ಕೆಲಸ

ಗುದ್ದಲಿ ಹಿಡಿಯುವ ಮೊದಲು ಕಾಗದ. ಗುಂಡುತೋಪು ಸರ್ಕಾರಿ ಜಮೀನು, ಶಾಲೆಗೆ ಅದರದೇ ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಇದೆ. ಪಂಚಾಯಿತಿಯ ಒಪ್ಪಿಗೆ ಬರಹದಲ್ಲಿ ಪಡೆದು, ಗಡಿಯಲ್ಲಿ ತಕರಾರಿದ್ದರೆ ಹದ್ದುಬಸ್ತು, ಅಂದರೆ ಸರ್ವೆಯವರಿಂದ ಗಡಿ ಅಳತೆ, ಮಾಡಿಸಿಕೊಳ್ಳಿ. ಬಲಿತ ಬೇಲಿ ಒಂದೂಕಾಲು ಮೀಟರ್ ಅಗಲ ಆಗುತ್ತದೆ. ಹೊರಸಾಲನ್ನು ಗಡಿಕಲ್ಲಿನ ಗೆರೆಯಿಂದ ಮುಕ್ಕಾಲು ಮೀಟರ್ ಒಳಗೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಮೂರನೇ ವರ್ಷ ಪಕ್ಕದ ಹೊಲದವರು ಮಚ್ಚು ಹಿಡಿದು ಬರುತ್ತಾರೆ, ಅವರ ತಪ್ಪೂ ಇರುವುದಿಲ್ಲ.

ಕೆಂಪು ಗೊರಜು ನೆಲದಲ್ಲಿ ಒಂದೊಂದು ಗಿಡಕ್ಕೆ ಒಂದೊಂದು ಗುಂಡಿಗಿಂತ ಉದ್ದಕ್ಕೆ ಟ್ರಂಚ್ ತೆಗೆಯುವುದು ಮೇಲು, ಬೇರಿಗೆ ಪಕ್ಕಕ್ಕೆ ಹರಿಯಲು ದಾರಿ ಸಿಗುತ್ತದೆ. 75 ಸೆಂ.ಮೀ. ಅಗಲ, 45 ಸೆಂ.ಮೀ. ಆಳ. 150 ಮೀಟರಿಗೆ ಸುಮಾರು 50 ಘನ ಮೀಟರ್ ಮಣ್ಣು. ಬೇಸಿಗೆಯ ಕಲ್ಲುನೆಲವನ್ನು ಹುಡುಗರ ಕೈಯಲ್ಲಿ ಅಗೆಸಿ ಅವರ ಉತ್ಸಾಹವನ್ನು ಮೊದಲ ವಾರವೇ ಕರಗಿಸಬೇಡಿ, ಜೆಸಿಬಿಗೆ ಇದು ಒಂದು ದಿನದ ಕೆಲಸ. ಜೂನ್ 5ರಂದು ಗಡಿ ಗುರುತು ಹಾಕಿದ ಮೇಲೆ, ಒಂದು ಮಳೆ ಬಿದ್ದು ನೆಲ ಮೆತ್ತಗಾದಾಗ ಮಾಡಿಸಿ. ಮೇಲಿನ ಒಂದು ಗೇಣು ಮಣ್ಣು ಒಂದು ಬದಿಗೆ, ಅಡಿಯ ಗೊರಜು ಇನ್ನೊಂದು ಬದಿಗೆ ಬೀಳಬೇಕೆಂದು ಚಾಲಕರಿಗೆ ಮೊದಲೇ ಹೇಳಿ ಪಕ್ಕದಲ್ಲೇ ನಿಲ್ಲಿ. ಬೆರೆತುಹೋದರೆ ಟ್ರಂಚ್ ತೆಗೆದ ಅರ್ಧ ಲಾಭ ಹೋಯಿತು. ಇಳಿಜಾರಿದ್ದರೆ ಐದಾರು ಮೀಟರಿಗೊಂದರಂತೆ ಒಂದಡಿ ಅಗಲದ ಅಡ್ಡಗಟ್ಟೆ ಅಗೆಯದೇ ಬಿಡಿಸಿ. ಅದಿಲ್ಲದಿದ್ದರೆ ಜೋರು ಮಳೆಗೆ ಟ್ರಂಚೇ ಚರಂಡಿಯಾಗಿ ಮಣ್ಣು, ಸಸಿ ಎರಡನ್ನೂ ಕೆಳತುದಿಗೆ ಒಯ್ಯುತ್ತದೆ.

ತೋಪಿನ ಹಳೆಯ ಮರಗಳ ಹತ್ತಿರ ಮಾತ್ರ ಜೆಸಿಬಿ ಬರಕೂಡದು. ಕೊಂಬೆ ಹರಡಿದಷ್ಟು ಜಾಗವನ್ನು ಬಿಟ್ಟುಬಿಡಿ. ಅಲ್ಲಿ ಬೇರುಗಳ ನಡುವೆ ಕೈಯಿಂದ ಒಂದಡಿ ಗುಂಡಿ ತೋಡಿ ಆಡುಸೋಗೆ, ಕಾರೆ ನೆಡಿ. ಹುಣಸೆಯ ಅಡಿಯಲ್ಲಿ ಯಾವುದೂ ನೆಟ್ಟಗೆ ಬರುವುದಿಲ್ಲ, ಅಷ್ಟು ಉದ್ದಕ್ಕೆ ಒಣಮುಳ್ಳಿನ ಬೇಲಿಯನ್ನೇ ಇಟ್ಟುಕೊಳ್ಳುವುದು ಜಾಣತನ.

ಟ್ರಂಚ್ ಒಂದು ತಿಂಗಳು ಬಿಸಿಲು ಕಾಯಲಿ. ಜುಲೈ ಕೊನೆಗೆ ಮೇಲ್ಮಣ್ಣಿಗೆ ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ, ಗಿಡಕ್ಕೆ 2 ಕೆ.ಜಿ. ಲೆಕ್ಕದಲ್ಲಿ ಒಂದು ಟನ್ ಸಾಕು. ಹಸಿ ಸಗಣಿ ಬಿದ್ದರೆ ಗೆದ್ದಲು ಬಂತೆಂದೇ ಲೆಕ್ಕ. ಗೆದ್ದಲಿನ ಜಾಗವಾದರೆ ಹೊಂಗೆ ಅಥವಾ ಬೇವಿನ ಹಿಂಡಿ ಗಿಡಕ್ಕೆ 100 ಗ್ರಾಂ, ಅಂದರೆ ಒಟ್ಟು 50 ಕೆ.ಜಿ. ಯೂರಿಯಾ, ಡಿಎಪಿ ಬೇಡ. ಎಳಸಾಗಿ ಜಗ್ಗನೆ ಬೆಳೆದ ಚಿಗುರು ಮೇಕೆಗೂ ಇಷ್ಟ, ಗಾಳಿಗೂ ಇಷ್ಟ. ತುಂಬಿದ ಮಣ್ಣು ಮಳೆಗೆ ಕುಸಿದು ಕೂರುತ್ತದೆ, ಆದ್ದರಿಂದ ನೆಲಮಟ್ಟಕ್ಕಿಂತ ನಾಲ್ಕು ಬೆರಳು ಎತ್ತರ ತುಂಬಿ. ಮಿಕ್ಕ ಗೊರಜನ್ನು ಟ್ರಂಚಿನ ಇಳಿಜಾರಿನ ಬದಿಗೆ ಬದುವಾಗಿ ಹಾಕಿದರೆ ಮಳೆನೀರು ಬೇಲಿಯ ಬುಡದಲ್ಲೇ ನಿಂತು ಇಂಗುತ್ತದೆ.

ನೆಡುವ ದಿನ

30 ಮೀಟರ್ ನೈಲಾನ್ ಹಗ್ಗಕ್ಕೆ 60 ಸೆಂ.ಮೀ. ಅಂತರದಲ್ಲಿ ಗಂಟು ಹಾಕಿಕೊಳ್ಳಿ. ಹೊರಸಾಲು ಗಂಟಿಗೊಂದು ಗಿಡ. 45 ಸೆಂ.ಮೀ. ಒಳಗೆ ಎರಡನೇ ಸಾಲಿಗೆ ಹಗ್ಗವನ್ನು 30 ಸೆಂ.ಮೀ. ಮುಂದಕ್ಕೆ ಎಳೆದರೆ ಗಿಡಗಳು ತಾವಾಗಿಯೇ ಸಂದಿಗೆ ಎದುರಾಗಿ ಕೂರುತ್ತವೆ. 40 ಜನರನ್ನು ಐವರ ಎಂಟು ತಂಡ ಮಾಡಿ: ಒಬ್ಬರು ಹಗ್ಗ ಮತ್ತು ಸಸಿ ಹಂಚಿಕೆ, ಇಬ್ಬರು ಗುಂಡಿ, ಒಬ್ಬರು ನೆಡುವವರು, ಒಬ್ಬರು ನೀರು ಮತ್ತು ಖಾಲಿ ಚೀಲ. ತಂಡಕ್ಕೆ 63 ಗಿಡ ಬರುತ್ತವೆ, ಮೂರು ಗಂಟೆಯಲ್ಲಿ ಮುಗಿಯುತ್ತದೆ. ಮೋಡ ಇರುವ ದಿನ ಅಥವಾ ಮಧ್ಯಾಹ್ನ ಮೂರರ ನಂತರ ಶುರುಮಾಡಿ. ಭಾಷಣ ಇದ್ದರೆ ನೆಟ್ಟ ಮೇಲೆ ಇರಲಿ, ಚೀಲದ ಸಸಿಯನ್ನು ಬಿಸಿಲಿಗಿಟ್ಟು ಅತಿಥಿಗಳಿಗೆ ಕಾಯಬೇಡಿ.

ನೆಡುವವರಿಗೆ ಒಂದೇ ವಿಷಯ ಚೆನ್ನಾಗಿ ತೋರಿಸಿಕೊಡಿ. ಹಿಂದಿನ ಸಂಜೆಯೇ ಸಸಿಗೆ ನೀರು ಕುಡಿಸಿರಬೇಕು. ಚೀಲವನ್ನು ಪಕ್ಕದಲ್ಲಿ ಬ್ಲೇಡಿನಿಂದ ಸೀಳಿ ತೆಗೆದರೆ ಮಣ್ಣಿನ ಹೆಂಟೆ ಒಡೆಯುವುದಿಲ್ಲ. ಈಗ ತಳ ನೋಡಿ. ವರ್ಷಗಟ್ಟಲೆ ಚೀಲದಲ್ಲಿದ್ದ ಸಸಿಯ ತಾಯಿಬೇರು ಅಲ್ಲಿ ಸುರುಳಿ ಸುತ್ತಿರುತ್ತದೆ. ಸುರುಳಿಯನ್ನು ಹಾಗೆಯೇ ನೆಟ್ಟರೆ ಬೇರು ಆ ಸುತ್ತಿನಲ್ಲೇ ದಪ್ಪವಾಗುತ್ತದೆ, ಗಿಡ ಎರಡು ವರ್ಷ ಚೆನ್ನಾಗಿದ್ದು ಮೂರನೇ ಬೇಸಿಗೆಯಲ್ಲಿ ಕಾರಣ ತಿಳಿಯದೆ ಒಣಗುತ್ತದೆ. ತಳದ ಒಂದು ಬೆರಳಷ್ಟು ಮಣ್ಣನ್ನು ಸುರುಳಿಯ ಸಮೇತ ಕೊಯ್ದು ಹಾಕಿ. ಚೀಲದಲ್ಲಿ ಮಣ್ಣು ಎಲ್ಲಿಯವರೆಗೆ ಇತ್ತೋ ನೆಲದಲ್ಲೂ ಅಲ್ಲಿಯವರೆಗೇ, ಕಾಂಡ ಹೂಳಬಾರದು. ಸುತ್ತ ಮಣ್ಣು ಹಾಕಿ ಹಿಮ್ಮಡಿಯಿಂದ ಒತ್ತಿ, ತುದಿ ಹಿಡಿದು ಮೆಲ್ಲಗೆ ಎಳೆದರೆ ಸಸಿ ಅಲುಗಬಾರದು. ಮಳೆ ಬರುವಂತಿದ್ದರೂ ಎರಡು ಲೀಟರ್ ನೀರು ಹಾಕಿ, ಅದು ಬೇರಿನ ಸುತ್ತಲಿನ ಗಾಳಿಯ ಸಂದು ಮುಚ್ಚಲು. ಆಮೇಲೆ ಎರಡು ಇಂಚು ಒಣಹುಲ್ಲು ಅಥವಾ ಕಡಲೆಕಾಯಿ ಹೊಟ್ಟಿನ ಹೊದಿಕೆ, ಕಾಂಡದಿಂದ ನಾಲ್ಕು ಬೆರಳು ದೂರ. 500 ಗಿಡ ನೆಟ್ಟರೆ 500 ಖಾಲಿ ಚೀಲ ಎಣಿಸಿ ವಾಪಸು ಬರಬೇಕು. ಎಣಿಕೆ ತಪ್ಪಿದರೆ ಯಾರೋ ಚೀಲದ ಸಮೇತ ನೆಟ್ಟಿದ್ದಾರೆ.

ಲಕ್ಕಿಗೆ ಸಸಿ ಕೊಳ್ಳುವ ಅಗತ್ಯವೇ ಇಲ್ಲ. ಹೆಬ್ಬೆರಳಿನಷ್ಟು ದಪ್ಪದ ಬಲಿತ ಕಡ್ಡಿಯನ್ನು ಒಂದು ಗೇಣು ಉದ್ದಕ್ಕೆ, ಕೆಳತುದಿ ಓರೆಯಾಗಿ ಕತ್ತರಿಸಿ ಮೂರನೇ ಎರಡು ಭಾಗ ಮಣ್ಣಿನಲ್ಲಿರುವಂತೆ ಚೀಲಕ್ಕೆ ನೆಟ್ಟರೆ ಆರೆಂಟು ವಾರದಲ್ಲಿ ಬೇರು ಬಿಡುತ್ತದೆ. ತಲೆಕೆಳಗಾಗಿ ನೆಡುವುದೇ ಇಲ್ಲಿ ಹೆಚ್ಚಾಗಿ ಆಗುವ ತಪ್ಪು, ಓರೆ ತುದಿ ಕೆಳಗೆ ಎಂದು ಮೊದಲೇ ಹೇಳಿಬಿಡಿ.

ಮುಂದಿನ ವರ್ಷಕ್ಕೆ ಕವಳಿ ಬೇಕಾದರೆ ಈ ಮಳೆಗಾಲದಲ್ಲೇ ಹಣ್ಣು ಆರಿಸಿ. ಪೂರ್ತಿ ಕಪ್ಪಾದದ್ದೇ ಆಗಬೇಕು. ತಿರುಳು ತೊಳೆದು, ನೆರಳಿನಲ್ಲಿ ಒಂದು ದಿನ ಆರಿಸಿ, ತಡಮಾಡದೆ ಚೀಲಕ್ಕೆ ಎರಡೆರಡು ಬೀಜ ಬಿತ್ತಿ. ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇಟ್ಟ ಬೀಜ ಹುಟ್ಟುವುದಿಲ್ಲ. ಬಂದುರಿಕೆ ಇದಕ್ಕೆ ತದ್ವಿರುದ್ಧ, ಬೀಜ ಎಷ್ಟು ದಿನವಾದರೂ ಇರುತ್ತದೆ, ಆದರೆ ಸಿಪ್ಪೆ ಗಟ್ಟಿ. ಕುದಿಸಿ ಇಳಿಸಿದ ನೀರಿಗೆ ಹಾಕಿ ಅದರಲ್ಲೇ ರಾತ್ರಿಯಿಡೀ ಬಿಟ್ಟು ಬೆಳಗ್ಗೆ ಬಿತ್ತಬೇಕು. ಎಲಚಿಯ ಗೊರಟೆಯನ್ನು ಸುತ್ತಿಗೆಯಿಂದ ಮೆಲ್ಲಗೆ ಬಿರಿಯುವಷ್ಟು ಕುಟ್ಟಿದರೆ ಬೇಗ ಮೊಳೆಯುತ್ತದೆ.

ಕುರಿ, ಮೇಕೆ, ಬೆಂಕಿ, ಹಾವು

ಮೊದಲ ಎರಡು ವರ್ಷ ಜೀವಂತ ಬೇಲಿಗೇ ಒಂದು ಬೇಲಿ ಬೇಕು. ಹೊರಸಾಲಿನಿಂದ ಎರಡಡಿ ಆಚೆ ಒಣಮುಳ್ಳು ಜೋಡಿಸಿ. ಬಳ್ಳಾರಿ ಜಾಲಿಯ ಕೊಂಬೆ ಎಷ್ಟು ಬೇಕಾದರೂ ಸಿಗುತ್ತದೆ, ಅದನ್ನು ಕಡಿದಂತೆಯೂ ಆಯಿತು. ಒಂದೇ ಎಚ್ಚರಿಕೆ, ಕಾಯಿ ಬಿಟ್ಟ ಕೊಂಬೆ ಬೇಡ. ಆ ಕಾಯಿ ತಿಂದ ಕುರಿಗಳ ಹಿಕ್ಕೆಯಲ್ಲಿ ಬೀಜ ಬಂದು ನಿಮ್ಮ ಬೇಲಿಯೊಳಗೇ ಜಾಲಿ ಹುಟ್ಟುತ್ತದೆ. ಮುಳ್ಳಿಗಿಂತ ಮುಖ್ಯವಾದದ್ದು ಮಾತು. ತೋಪಿನ ಮೂಲಕ ಕೆರೆಗೆ ಹಿಂಡು ಹೋಗುವ ದಾರಿ ಇದ್ದರೆ ಅದನ್ನು ಮುಚ್ಚಬೇಡಿ. ಕುರಿಗಾಹಿಗಳನ್ನು ಕೂರಿಸಿಕೊಂಡು ಎಲ್ಲಿ ಎಷ್ಟು ಅಗಲ ಬಿಡಬೇಕೆಂದು ಗಡಿ ಗುರುತು ಹಾಕುವ ದಿನವೇ ಕೇಳಿ. ದಾರಿ ಮುಚ್ಚಿದ ಬೇಲಿ ಒಂದಲ್ಲ ಒಂದು ರಾತ್ರಿ ತೆರೆದುಕೊಳ್ಳುತ್ತದೆ.

ಜನವರಿಯಲ್ಲಿ ರಸ್ತೆ ಬದಿಯ ಒಣಹುಲ್ಲನ್ನು ಬೇಲಿಯಿಂದ ಎರಡು ಮೀಟರ್ ಅಗಲಕ್ಕೆ ಕೆತ್ತಿ ತೆಗೆಯಿರಿ. ಬೀಡಿ ಕಿಡಿಯ ಒಂದು ಬೆಂಕಿ ಸಾಕು, ಎರಡು ವರ್ಷದ ಕವಳಿ ಒಂದು ಗಂಟೆಯಲ್ಲಿ ಕರಕಲಾಗುತ್ತದೆ.

ಬೇಲಿ ಎಂದರೆ ಹಾವು ಎಂದು ಪೋಷಕರು ಕೇಳಿಯೇ ಕೇಳುತ್ತಾರೆ. ಅವರ ಆತಂಕ ಸುಳ್ಳಲ್ಲ. ಹಾವು ಬರುವುದು ಇಲಿಯ ಹಿಂದೆ, ಇಲಿ ಬರುವುದು ಬಿಸಿಯೂಟದ ಉಳಿಕೆಯ ಹಿಂದೆ. ಅನ್ನ, ತರಕಾರಿ ಸಿಪ್ಪೆ ಬೇಲಿ ಬುಡಕ್ಕೆ ಚೆಲ್ಲುವುದನ್ನು ಮೊದಲ ದಿನದಿಂದಲೇ ನಿಲ್ಲಿಸಿ, ಕಾಂಪೋಸ್ಟ್ ಗುಂಡಿ ಬೇರೆ ಕಡೆ ಮಾಡಿ. ಶಾಲೆಯ ಬದಿಗೆ ಬೇಲಿಯ ಉದ್ದಕ್ಕೂ ಒಂದೂವರೆ ಮೀಟರ್ ಪಟ್ಟಿ ಸದಾ ಕೆತ್ತಿ ಬಯಲಾಗಿಡಿ, ಕತ್ತರಿಸಿದ ಸೊಪ್ಪು ಸೌದೆ ಅಲ್ಲಿ ರಾಶಿ ಹಾಕಬೇಡಿ. ತರಗತಿ ಕೋಣೆ, ಶೌಚಾಲಯದಿಂದ ಹತ್ತು ಮೀಟರ್ ಒಳಗೆ ದಟ್ಟ ಪೊದೆ ಬೇಡ. ಅಷ್ಟು ಉದ್ದಕ್ಕೆ ತಂತಿಯೇ ಇರಲಿ.

ಕತ್ತರಿಸುವುದೇ ಅರ್ಧ ಬೇಲಿ

ಹೆಚ್ಚಿನ ಜೀವಂತ ಬೇಲಿಗಳು ಕೆಡುವುದು ನೀರಿಲ್ಲದೆ ಅಲ್ಲ, ಕತ್ತರಿ ಕಾಣದೆ. ಬೆಳೆದದ್ದನ್ನು ಕಡಿಯಲು ಮನಸ್ಸು ಬರುವುದಿಲ್ಲ, ಗಿಡ ಎತ್ತರಕ್ಕೆ ಓಡುತ್ತದೆ, ಬುಡ ಬೋಳಾಗುತ್ತದೆ. ನೆಟ್ಟ ಮರುವರ್ಷ ಮುಂಗಾರಿನ ಮೊದಲ ಹದ ಮಳೆಗೆ ಬಂದುರಿಕೆ, ಲಕ್ಕಿಯನ್ನು ಒಂದು ಅಡಿಗೆ ಇಳಿಸಿ. ಹೌದು, ಆಳೆತ್ತರ ಬೆಳೆದಿದ್ದರೂ ಸರಿ. ಕವಳಿಯ ತುದಿ ಮಾತ್ರ ಚಿವುಟಿ, ಅದಕ್ಕೆ ಮುಂದೆ ಬರಲು ಒಂದು ವರ್ಷ ಸಮಯ ಕೊಟ್ಟಂತಾಗುತ್ತದೆ. ಎರಡನೇ ವರ್ಷ ಎಲ್ಲವನ್ನೂ ಎರಡಡಿಗೆ, ಮೂರನೇ ವರ್ಷ ಮೂರೂವರೆ ಅಡಿಗೆ. ಕೊನೆಗೆ ಐದಾರಡಿ ಎತ್ತರದಲ್ಲಿ ನಿಲ್ಲಿಸಿ. ಆಕಾರ ಬುಡದಲ್ಲಿ ಅಗಲ, ಮೇಲೆ ಕಿರಿದು. ಮೇಲೆ ಛತ್ರಿಯಂತೆ ಅಗಲವಾದರೆ ಕೆಳಗೆ ಬಿಸಿಲು ಬೀಳದೆ ಮೇಕೆಯ ಎತ್ತರಕ್ಕೆ ಸರಿಯಾಗಿ ಕಿಂಡಿಗಳು ಹುಟ್ಟುತ್ತವೆ.

ಬೇಲಿ ಬಲಿತ ಮೇಲೆ ಕತ್ತರಿಸುವ ಕಾಲ ಬದಲಾಗುತ್ತದೆ. ಪೊದೆ ಹಕ್ಕಿಗಳು ಬೇಸಿಗೆಯ ಮೊದಲಿಂದ ಮಳೆಗಾಲ ಮುಗಿಯುವವರೆಗೆ ಗೂಡು ಕಟ್ಟುತ್ತಿರುತ್ತವೆ. ಹಾಗಾಗಿ ಕತ್ತರಿ ಆಡಬೇಕಾದದ್ದು ನವೆಂಬರ್ ಕೊನೆಯಿಂದ ಜನವರಿಯೊಳಗೆ. ಅದೂ ಇಡೀ ಬೇಲಿಗಲ್ಲ, ವರ್ಷಕ್ಕೆ ಮೂರನೇ ಒಂದು ಭಾಗಕ್ಕೆ. ಕವಳಿ ಹೂ ಬಿಡುವುದು ಕೊಂಬೆ ತುದಿಯಲ್ಲಿ, ಪ್ರತಿವರ್ಷ ಎಲ್ಲವನ್ನೂ ಸವರಿದರೆ ಬೇಲಿ ನೀಟಾಗಿ ಕಂಡೀತು, ಹಣ್ಣು ಇರುವುದಿಲ್ಲ. ಸರ್ಕಾರಿ ಕಚೇರಿ ಆವರಣದ ಗಿಡಗಳಂತೆ ಗೆರೆ ಹೊಡೆದ ಹಾಗೆ ಇರಲಿ ಎಂದು ಯಾರಾದರೂ ಅಧ್ಯಕ್ಷರು ಹೇಳಿದರೆ ರಸ್ತೆ ಕಡೆಯ ಹತ್ತು ಮೀಟರ್ ಅವರಿಗೆ ಬಿಟ್ಟುಕೊಟ್ಟು ಉಳಿದದ್ದನ್ನು ಉಳಿಸಿಕೊಳ್ಳಿ.

ಬೇಲಿಯಲ್ಲಿ ಕೂರುವ ಪಿಕಳಾರವೇ ಲಂಟಾನ ಬೀಜವನ್ನೂ ತಂದು ಬುಡಕ್ಕೆ ಹಾಕುತ್ತದೆ. ವರ್ಷಕ್ಕೆರಡು ಬಾರಿ, ಆಗಸ್ಟ್ ಮತ್ತು ನವೆಂಬರ್‌ನಲ್ಲಿ, ನೆಲ ಹಸಿಯಿದ್ದಾಗ ಕಿತ್ತುಬಿಡಿ. ಮೇಲೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ, ದೊಡ್ಡದಾಗಿದ್ದರೆ ಬೇರಿನ ಗಡ್ಡೆಯ ಕೆಳಗೆ ಗುದ್ದಲಿ ಹಾಕಿ ಎಬ್ಬಿಸಬೇಕು. ಎಲಚಿ, ಲಕ್ಕಿಯ ಮೇಲೆ ಹಳದಿ ನೂಲಿನಂಥ ಎಲೆಯಿಲ್ಲದ ಆಕಾಶಬಳ್ಳಿ ಕಂಡರೆ ಬಳ್ಳಿ ಎಳೆಯುತ್ತಾ ಕೂರಬೇಡಿ, ತುಂಡು ಉಳಿದರೂ ಹಬ್ಬುತ್ತದೆ. ಹಿಡಿದ ಕೊಂಬೆಯನ್ನೇ ಕತ್ತರಿಸಿ ಬಿಸಿಲಿಗೆ ಒಣಗಿಸಿ ಸುಡಿ.

ಈಶ್ವರಿ ಬಳ್ಳಿ, ಗಜ್ಜುಗ, ಸೀಗೆಯಂಥ ಹಬ್ಬುವ ಗಿಡಗಳನ್ನು ಮೂರನೇ ವರ್ಷಕ್ಕಿಂತ ಮೊದಲು ಬಿಡಬೇಡಿ, ಎಳೆ ಬೇಲಿಯನ್ನು ನುಂಗಿಹಾಕುತ್ತವೆ. ಗಜ್ಜುಗವಂತೂ 50 ಮೀಟರಿಗೆ ಒಂದೇ ಸಾಕು, ತೋಪಿನ ಹೊರಮೂಲೆಗೆ. ಬೀಜವನ್ನು ಒರಟು ಕಲ್ಲಿಗೆ ತಿಕ್ಕಿ ಒಳಗಿನ ಬಿಳಿ ಕಾಣುವವರೆಗೆ ಸವೆಸಿ ಬಿತ್ತಬೇಕು. ಈಶ್ವರಿ ಬಳ್ಳಿ ಇದ್ದರೆ ಕ್ರಿಮ್ಸನ್ ರೋಸ್, ಕಾಮನ್ ರೋಸ್ ಚಿಟ್ಟೆಗಳು ಮೊಟ್ಟೆ ಇಡಲು ಹುಡುಕಿಕೊಂಡು ಬರುತ್ತವೆ. ಆದರೆ ಅದರ ಸೊಪ್ಪು, ಬೇರು ಮೂತ್ರಪಿಂಡಕ್ಕೆ ಹಾನಿಕರ. ಹಾಗಾಗಿ ಶಾಲೆಯ ಬದಿಗೆ ಬೇಡ, ತೋಪಿನ ಬದಿಯಲ್ಲಿ ಎರಡು ಮೂರು ಬಳ್ಳಿ ಹಾಕಿ, ಬಾಯಿಗೆ ಹಾಕಬಾರದೆಂದು ಮಕ್ಕಳಿಗೂ ನಾಟಿ ಔಷಧಿಗೆಂದು ಕೀಳಲು ಬರುವ ದೊಡ್ಡವರಿಗೂ ತಿಳಿಸಿ.